ಹಿಮದೂರಿನ ಬೆಳಕಿಂಡಿ

ಮೋಡಕ್ಕೆ ಹಿಮ ಸುರಿಸುವುದನ್ನು ಕಲಿಸಬಹುದು ಎಂದು ಗೊತ್ತಾದಾಗ, ಸುರಿಯುವುದನ್ನು ನಿಲ್ಲಿಸಲು ಕಲಿಸುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಉತ್ತರದ ಹಿಮನದಿಗಳು ಕರಗಿ ಬರೀ ಕಪ್ಪು ಬಂಡೆ ಉಳಿದಿತ್ತು. ಬಯಲಿನ ಶಹರಗಳಲ್ಲಿ ನಲ್ಲಿ ತಿರುಗಿಸಿದರೆ ಮೊದಮೊದಲು ಕೆಮ್ಮಿದಂಥ ಸದ್ದಾದರೂ ಬರುತ್ತಿತ್ತು, ಆಮೇಲೆ ಅದೂ ಇಲ್ಲ.

ಆಗ ಕಣಿವೆಯ ನೆತ್ತಿಯ ಮೇಲೆ ಬೀಜಗೋಪುರಗಳು ಎದ್ದವು. ಗಿಡದ ಎಲೆಗಳ ಮೇಲೆ ಬದುಕುವ ಒಂದು ಬ್ಯಾಕ್ಟೀರಿಯಾ ನೀರನ್ನು ಬೇಗ ಹೆಪ್ಪುಗಟ್ಟಿಸುವ ಪ್ರೋಟೀನೊಂದನ್ನು ತಯಾರಿಸುತ್ತದೆ. ಅದನ್ನೇ ನಕಲು ಮಾಡಿದ ಪುಡಿಯನ್ನು ಗೋಪುರಗಳು ಮೋಡದೊಳಕ್ಕೆ ಊದುತ್ತಿದ್ದವು. ಪ್ರತಿ ಕಣದ ಸುತ್ತ ಒಂದು ಹರಳು. ಆ ಹರಳು ಗಾಳಿಯಲ್ಲಿ ಒಡೆದು ಹತ್ತಾರು ಚೂರು. ಪ್ರತಿ ಚೂರಿನ ಸುತ್ತ ಮತ್ತೊಂದು ಹರಳು. ಒಮ್ಮೆ ಶುರುವಾದರೆ ಮೋಡ ತನ್ನ ಕೆಲಸವನ್ನು ತಾನೇ ಮುಂದುವರಿಸುತ್ತಿತ್ತು. ಇದಕ್ಕೆ ಗೋಪುರಗಳನ್ನು ನಡೆಸುವ ಕೇಂದ್ರದವರು ಇಟ್ಟ ಹೆಸರು 'ಕರೆ'. ಕರೆದರೆ ಹಿಮ ಬರುತ್ತಿತ್ತು. ಸಾಕು ಅಂದರೆ ಅದಕ್ಕೆ ಕೇಳಿಸುತ್ತಿರಲಿಲ್ಲ.

ಗೋಪುರಗಳಿಗೆ ಆಳು ಬೇಕಿತ್ತು, ಊರು ಕಳೆದುಕೊಂಡವರಿಗೆ ಮನೆ ಬೇಕಿತ್ತು. ಹೀಗೆ ಕಣಿವೆಯ ತಳದಲ್ಲಿ ಒಂದು ಕಾಲನಿ ಹುಟ್ಟಿತು. ಅದರ ಒಂದು ಬದಿಗೆ, ಕಡಲು ನುಂಗಿದ ಒಡಿಶಾದ ಹಳ್ಳಿಗಳವರು. ಇನ್ನೊಂದು ಬದಿಗೆ ಇಳಕಲ್ಲು, ಗುಳೇದಗುಡ್ಡ, ಮುದ್ದೇಬಿಹಾಳದ ಕಡೆಯವರು. ಅವರ ಊರುಗಳನ್ನು ಯಾವುದೂ ನುಂಗಿರಲಿಲ್ಲ. ಊರು ಇದ್ದಲ್ಲೇ ಇತ್ತು, ಬೇಸಗೆಯ ರಾತ್ರಿಗಳು ತಣಿಯುವುದನ್ನು ಮರೆತಿದ್ದವು, ಅಷ್ಟೆ. ಎರಡು ವರ್ಷ ನೋಡಿ, ಮೂರನೆಯ ವರ್ಷ ಜನ ಬೀಗ ಹಾಕಿ ಹೊರಟರು. ಇಲ್ಲಿ ತಮ್ಮ ಮನೆಗಳಿಗೆ ಅವರೇ ಇಳಕಲ್ಲ ಸಾಲು ಎಂದು ಹೆಸರಿಟ್ಟುಕೊಂಡರು.

ಸುವರ್ಣಾಳ ಸಂಸಾರ ಬಂದದ್ದು ಎಲ್ಲರಿಗಿಂತ ಕೊನೆಗೆ, ಚಳಿ ಶುರುವಾಗುವ ಹೊತ್ತಿಗೆ. ಊರಲ್ಲಿ ವಿದ್ಯುತ್ ಉಪಕೇಂದ್ರದ ಆಪರೇಟರ್ ಆಗಿದ್ದವಳಿಗೆ ಇಲ್ಲಿ ನಿಯಂತ್ರಣ ಕೋಣೆಯಲ್ಲಿ ಕೆಲಸ ಸಿಕ್ಕಿತು. ನೇಕಾರನಾಗಿದ್ದ ಗಂಡ ಮಹಾಂತೇಶನಿಗೆ ಕಾಲನಿಯ ದುರಸ್ತಿ ತಂಡದಲ್ಲಿ ಕೆಲಸ. ಜೊತೆಗೆ ಅವನ ತಾಯಿ ಗುರವ್ವ, ಮತ್ತು ಈ ವರ್ಷ ಶಾಲೆಗೆ ಸೇರಬೇಕಾಗಿದ್ದ ಮಗಳು ದಾನು.

ಹೊಸ ಮನೆ ದುಂಡಗಿತ್ತು, ಅರ್ಧ ನೆಲದೊಳಗೆ ಹೂತಂತೆ. ಒಂದು ಬಾಗಿಲು, ಕಿಟಕಿ ಇಲ್ಲ. ನಡುವಿನಿಂದ ತುಸು ಪಕ್ಕಕ್ಕೆ ಒಂದು ಒಲೆ. ಮರದ ಪುಡಿಯ ಗುಳಿಗೆಗಳನ್ನು ಕರೆಂಟಿನ ಬಲದಿಂದ ತಾನೇ ಎಳೆದುಕೊಂಡು ಹಗಲೂ ರಾತ್ರಿ ಉರಿಯುತ್ತಿತ್ತು. ಅದರ ಹೊಗೆ ಹೋಗುವುದಕ್ಕೂ ಹೊಸ ಗಾಳಿ ಬರುವುದಕ್ಕೂ ಚಾವಣಿಯ ನಡುಮಧ್ಯೆ ಇದ್ದದ್ದು ಒಂದೇ ದುಂಡು ಬಾಯಿ. ಹಿಮ ಎಷ್ಟು ಎತ್ತರ ಬಿದ್ದರೆ ಅಷ್ಟು ಎತ್ತರಕ್ಕೆ ಅದರ ಕೊಳವೆ ಏರುತ್ತಿತ್ತು. ಹಗಲಿನಲ್ಲಿ ಆ ಬಾಯಿಯಿಂದ ಒಂದು ಹಿಡಿ ಬೆಳಕು ನೆಲಕ್ಕೆ ಬೀಳುತ್ತಿತ್ತು.

ಬಂದ ದಿನ ಗುರವ್ವ ಹೊಸ್ತಿಲ ಮೇಲೆಯೇ ನಿಂತುಬಿಟ್ಟಿದ್ದಳು. "ಇದೇನ ಮನೀನೋ, ಹಗೇವನೋ? ಜ್ವಾಳಾ ತುಂಬಿಡೂವಲ್ಲಿ ಮಂದಿನ ತುಂಬತಾರೇನ?" ಆಮೇಲೆ ಕತ್ತೆತ್ತಿ ನೋಡಿದಳು. ಮುಖ ಸಡಿಲಾಯಿತು. "ಯಪ್ಪಾ, ಬೆಳಕಿಂಡಿ ಐತಲ್ಲೋ ಮಾಂತ್ಯಾ!"

ಅಂದಿನಿಂದ ಅವಳ ಜಾಗ ಅದರ ಕೆಳಗೆ. ಊರಿನ ಮಾಳಿಗೆ ಮನೆಗಳ ಮಣ್ಣಿನ ಚಾವಣಿಯಲ್ಲೂ ಇಂಥದೇ ಒಂದು ಬೆಳಕಿಂಡಿ ಇರುತ್ತಿತ್ತು. ಮಳೆಯ ಮೊದಲ ಹನಿ ಬಿದ್ದ ಕೂಡಲೇ ಮನೆಯಲ್ಲಿ ಯಾರಾದರೊಬ್ಬರು ಮಾಳಿಗೆ ಹತ್ತಿ ಅದರ ಮೇಲೆ ಕಲ್ಲನ್ನೋ ಬೋಗುಣಿಯನ್ನೋ ಕವುಚಿ ಬರಬೇಕು. ಓಣಿಯ ತುಂಬ ಹೆಂಗಸರ ಕೂಗು ಮನೆಯಿಂದ ಮನೆಗೆ ದಾಟುತ್ತಿತ್ತು. ಅದು ಯೋಚಿಸಿ ಮಾಡುವ ಕೆಲಸವಲ್ಲ. ಧೂಳು ಬಂದಾಗ ಕಣ್ಣು ಮುಚ್ಚಿದ ಹಾಗೆ.

*

"ಇವತ್ತಿನ ಕರೆ ದೊಡ್ಡದೈತ್ರಿ. ಬಾಗಿಲಾ ತೆಗೀಬ್ಯಾಡ್ರಿ," ಎಂದಳು ಸುವರ್ಣಾ, ಬೂಟಿನ ದಾರ ಬಿಗಿಯುತ್ತ.

"ನಮ್ಮೂರಾಗ ಮಳಿ ಕರದ್ರೂ ಬರತಿರಲಿಲ್ಲ," ಎಂದಳು ಗುರವ್ವ. "ಇಲ್ಲಿ ನನ್ನ ಸೊಸಿ ಕರದ್ರ ಆಕಾಶಾನ ಇಳದ ಬರತೈತಿ."

"ಕರಿಯಾಕಿ ನಾ ಅಲ್ರಿ ಅತ್ತಿ. ನಾ ಬರೇ ಮನಿಮನಿ ದೀಪಾ ನೋಡ್ಕೊಂತ ಕುಂದ್ರಾಕಿ."

"ದೀಪಾ ನೋಡಾಕ ಪಗಾರ! ನಾ ಹುಟ್ಟಿದಾಗಿಂದ ದೀಪಾ ಹಚ್ಚಾಕತ್ತೀನಿ, ಒಬ್ರರ ಒಂದ ಕಪ್ ಚಾ ಕುಡಸಿಲ್ಲ."

ಮಹಾಂತೇಶ ನಕ್ಕ. ಇಲ್ಲಿಗೆ ಬಂದ ಮೇಲೆ ಅವನು ನಗುವುದು ತಾಯಿಯ ಮಾತಿಗೆ ಮಾತ್ರ. ಈ ದಿನ ತಂಡಕ್ಕೆ ರಜೆ; ಕರೆಯ ದಿನ ಹೊರಗೆ ಯಾರಿಗೂ ಕೆಲಸವಿಲ್ಲ.

ದಾನು ತಾಯಿಯ ಬೂಟಿನ ಮೇಲೆ ಕೂತಳು. "ಅವ್ವಾ, ಹಿಮಕ್ಕ ವಾಸನಿ ಇರತೈತಿ, ಗೊತ್ತೇನ?"

"ಇಲ್ಲವಾ. ಅದು ಬರೇ ನೀರು."

"ಇರತೈತಿ. ಪಾಟಿ ವರಸಿದ ವಾಸನಿ."

"ಆತು, ಸಂಜಿಕ ಬಂದ ಮ್ಯಾಲ ನಾನೂ ಮೂಸಿ ನೋಡ್ತೀನಿ. ಈಗ ಏಳು, ಬೂಟ ಬಿಡು."

ದಾನು ಬಿಡಲಿಲ್ಲ. ಅವಳನ್ನು ಹಾಗೇ ಕಾಲ ಮೇಲೆ ಹೊತ್ತು ಸುವರ್ಣಾ ಬಾಗಿಲವರೆಗೆ ಕುಂಟುತ್ತ ಹೋದಳು. ಬಾಗಿಲಲ್ಲಿ ಮಹಾಂತೇಶ ಮಗಳನ್ನು ಬಿಡಿಸಿಕೊಂಡ.

*

ನಿಯಂತ್ರಣ ಕೋಣೆ ಕಾಲನಿಯ ಮೇಲಿನ ಗುಡ್ಡದಲ್ಲಿತ್ತು. ಒಂದಿಡೀ ಗೋಡೆಯ ಮೇಲೆ ಕಾಲನಿಯ ನಕ್ಷೆ, ಪ್ರತಿ ಮನೆಗೂ ಒಂದು ದೀಪ. ಮನೆಯೊಳಗಿನ ಗಾಳಿ ಚೆನ್ನಾಗಿದ್ದರೆ ಬಿಳಿ, ಕೆಡುತ್ತಿದ್ದರೆ ಹಳದಿ, ಕೆಟ್ಟರೆ ಕೆಂಪು. ಪಾಳಿಯ ಮುಖ್ಯಸ್ಥ ದಸ್ತಗೀರ ಮುಲ್ಲಾ ವಿಜಯಪುರದವರು. ಐವತ್ತು ದಾಟಿದ, ಹೊಟ್ಟೆಯ ಮೇಲೆ ಚಹಾದ ಕಪ್ಪು ಇಟ್ಟುಕೊಂಡೇ ಕೆಲಸ ಮಾಡುವ ಮನುಷ್ಯ.

"ಬಯಲಿನವರು ಈ ಸಲ ಡಬಲ್ ಕೇಳ್ಯಾರ," ಎಂದರು ಅವರು. "ಮದುವಿಮನ್ಯಾಗ ಅನ್ನಾ ನೀಡಿಸ್ಕೊಂಡಂಗ. ಇನ್ನಷ್ಟ, ಇನ್ನಷ್ಟ."

"ಕೊಡಬಹುದೇನ್ರಿ ಅಷ್ಟು?"

"ಕೊಡೂದು ಬಿಡೂದು ನಮ್ಮ ಕೈಯಾಗೆಲ್ಲೈತಿ ತಂಗಿ? ಪುಡಿ ಊದಿ ಆತು. ಇನ್ನ ಮೋಡದ ಪಾಳಿ."

ಮಧ್ಯಾಹ್ನದ ಊಟದ ಹೊತ್ತಿಗೆ ಹೊರಗಿನ ಕ್ಯಾಮೆರಾಗಳಲ್ಲಿ ಬಿಳುಪನ್ನು ಬಿಟ್ಟು ಏನೂ ಕಾಣದಾಯಿತು. ಪುಡಿ ಗಾಳಿಯಲ್ಲಿದ್ದಷ್ಟು ಹೊತ್ತು ಫೋನೂ ರೇಡಿಯೋವೂ ಸತ್ತಂತೆಯೇ; ನೆಲದಡಿಯ ತಂತಿಯಲ್ಲಿ ನಡೆಯುವ ನಕ್ಷೆಯ ದೀಪಗಳು, ಸೈರನ್ ಮಾತ್ರ ಬದುಕಿರುತ್ತಿದ್ದವು. ಕಾಲನಿಗೆ ಇಳಿಯುವ ಸುರಂಗದ ಕೆಳಬಾಯಿ ಮುಚ್ಚಿಹೋಗಿದೆ ಎಂದು ನೋಡಲು ಹೋದ ಇಬ್ಬರು ಕೆಲಸಗಾರರು ತಿರುಗಿ ಬಂದು ಹೇಳಿದರು. ಅವರ ಹುಬ್ಬುಗಳು ಬೆಳ್ಳಗಾಗಿದ್ದವು. ಮುಲ್ಲಾ ಅವರು ನಿಯಮದಂತೆ ಕಾಲನಿಯ ಸೈರನ್ ಒತ್ತಿದರು.

ಸೈರನ್ನಿನ ಪಾಠ ಎಲ್ಲರಿಗೂ ಆಗಿತ್ತು. ಮನೆ ಕೊಟ್ಟ ದಿನ ಕೇಂದ್ರದ ಒಬ್ಬ ಹುಡುಗ ಬಂದು ದುಭಾಷಿಯ ಮೂಲಕ ಹೇಳಿದ್ದ: ಸೈರನ್ ಆದರೆ ಎಲ್ಲ ಮುಚ್ಚಿಕೊಂಡು ಒಳಗೆ ಕೂರಬೇಕು. ಒಲೆ, ಕೊಳವೆ, ಗಾಳಿ ಎಂದು ಆತ ಇನ್ನೂ ಏನೇನೋ ಹೇಳಿದ್ದ. ದುಭಾಷಿಗೆ ಅವಸರವಿತ್ತು. ಮುಚ್ಚಿಕೊಂಡು ಕೂರಿ ಎಂಬುದು ಮಾತ್ರ ಜನರ ತಲೆಯಲ್ಲಿ ಉಳಿಯಿತು.

*

ಮನೆಯೊಳಗೆ ಮೊದಲು ಸದ್ದುಗಳು ಹೋದವು. ಪಕ್ಕದ ಮನೆಯ ಬಾಗಿಲ ಬಡಿತ ಹೋಯಿತು, ಬೀದಿಯ ನಾಯಿಯ ಬೊಗಳು ಹೋಯಿತು. ಉಳಿದದ್ದು ಒಲೆಯ ಗುರ್ ಎಂಬ ಉಸಿರು. ಆಮೇಲೆ ಬೆಳಕಿಂಡಿಯಿಂದ ಬಿಳಿಯ ಚೂರುಗಳು ಸುತ್ತುತ್ತ ಇಳಿಯತೊಡಗಿದವು. ಒಲೆಯ ತಗಡಿನ ಮೇಲೆ ಬಿದ್ದವು ಚುಂಯ್ ಎಂದವು. ದಾನು ಬಾಯಿ ತೆರೆದು ಅವುಗಳ ಕೆಳಗೆ ನಿಂತಳು.

"ಮಾಂತ್ಯಾ, ಬೆಳಕಿಂಡಿ ಮುಚ್ಚೋ," ಎಂದಳು ಗುರವ್ವ. ಅವಳ ಸೆರಗು, ಚಾಪೆ, ಆರಿಸಲು ಹರಡಿಕೊಂಡಿದ್ದ ಬೇಳೆ ಎಲ್ಲ ಒದ್ದೆಯಾಗಿತ್ತು.

"ಮುಚ್ಚಬಹುದೇನ ಯವ್ವಾ ಅದನ್ನ?"

"ಮುಚ್ಚಬ್ಯಾಡ ಅಂತ ಯಾರರ ಅಂದಾರೇನ?"

ಮಹಾಂತೇಶ ನೆನಪು ಮಾಡಿಕೊಂಡ. ಯಾರೂ ಅಂದಿರಲಿಲ್ಲ. ಅಷ್ಟರಲ್ಲಿ ಸೈರನ್ ಮೊಳಗಿತು. ಗೋಡೆಯೊಳಗಿಂದ ಬಂದಂತೆ, ಉದ್ದಕ್ಕೆ.

"ಕೇಳಿದೇನ? ಸರಕಾರಾನೂ ಅದನ್ನ ಹೇಳಾಕತ್ತೈತಿ," ಎಂದಳು ಗುರವ್ವ.

ಅವನು ಸ್ಟೂಲು ಎಳೆದು ಹತ್ತಿದ. ಹಿಟ್ಟು ನಾದುವ ಪರಾತವನ್ನು ಕವುಚಿ ಬಾಯಿಗೆ ಒತ್ತಿದ, ಸುತ್ತಲಿನ ಸಂದಿಗೆ ಹಳೆಯ ಕೌದಿಯನ್ನು ಬೆರಳಿನಿಂದ ತುರುಕಿದ. ನೇಕಾರನ ಬೆರಳು, ಎಲ್ಲಿಯೂ ಒಂದೆಳೆ ಸಡಿಲ ಬಿಡಲಿಲ್ಲ. ಕೆಳಗಿಳಿದು ಕತ್ತೆತ್ತಿ ನೋಡಿದ. ಒಂದು ಹನಿಯೂ ಬೀಳಲಿಲ್ಲ. ಈ ಮನೆಗೆ ಬಂದ ಮೇಲೆ, ಮನೆಗೆಂದು ತಾನು ಏನೋ ಮಾಡಿದೆ ಎಂದು ಅವನಿಗೆ ಅನ್ನಿಸಿದ್ದು ಇದೇ ಮೊದಲು.

ಗಾಳಿ ನಿಂತದ್ದಕ್ಕೆ ಮನೆ ಬೇಗ ಬಿಸಿಯಾಯಿತು. ಗುರವ್ವ ಸ್ವೆಟರ್ ತೆಗೆದಿಟ್ಟಳು. ದಾನು ಅಪ್ಪನ ಜೊತೆ ಚೌಕಾಬಾರ ಆಡುತ್ತಿದ್ದವಳು ಕವಡೆಗಳನ್ನು ಕೈಯಲ್ಲೇ ಹಿಡಿದು ಸುಮ್ಮನಾದಳು.

"ಹಾಕವಾ, ನಿನ್ನ ಪಾಳಿ."

"ತಲಿ ನೋಯಾಕತ್ತೈತಿ ಅಪ್ಪಾ."

"ಸ್ವಲ್ಪ ಮಲಕ್ಕೋ. ಎದ್ದ ಮ್ಯಾಲ ಆಡೂಣು. ನಿನ್ನ ಕಾಯಿ ನಾ ಮುಟ್ಟೂದಿಲ್ಲ."

ಅವಳು ಅಜ್ಜಿಯ ತೊಡೆಯ ಮೇಲೆ ತಲೆ ಇಟ್ಟಳು. ಗುರವ್ವ ಅವಳ ಕೂದಲಲ್ಲಿ ಬೆರಳಾಡಿಸುತ್ತ, ಎಷ್ಟೋ ದಿನಗಳ ಮೇಲೆ ತನಗೂ ಬೆಚ್ಚಗೆ ನಿದ್ದೆ ಬರುತ್ತಿದೆ ಎಂದಳು.

*

ನಕ್ಷೆಯಲ್ಲಿ ಮೊದಲು ಕೆಂಪಾದದ್ದು ಸುವರ್ಣಾಳದೇ ಮನೆ.

"ಸರ್," ಎಂದಳು ಅವಳು.

"ನೋಡಿದೆ. ಕೊಳವಿ ಬಾಯಾಗ ಹಿಮಾ ಸಿಕ್ಕಿರಬೇಕು. ಬಾಯಿ ಸುತ್ತ ಕಾಯೂ ತಂತಿ ಐತಿ, ತಾನ ಕರಗತೈತಿ."

ಕರಗಲಿಲ್ಲ. ಪಕ್ಕದ ಮನೆ ಕೆಂಪಾಯಿತು. ಅದರ ಪಕ್ಕದ್ದು. ಆಮೇಲೆ ಒಟ್ಟೊಟ್ಟಿಗೆ ಅನೇಕ. ಮುಲ್ಲಾ ಅವರ ಮುಖ ಗಾಬರಿಯಾಗುವ ಬದಲು ಹಗುರಾಯಿತು.

"ನೋಡು, ಒಂದ ಮನಿ ಕೆಟ್ರ ಅದು ಮನಿ. ಒಮ್ಮೆಲೆ ಇಷ್ಟು ಕೆಟ್ರ ಅದು ಮಷೀನು. ಸೆನ್ಸರ್ ಎಲ್ಲಾ ಹೆಪ್ಪುಗಟ್ಟ್ಯಾವ. ಇಲ್ಲದಿದ್ರ ಕೂಡಿ ಮಾತಾಡ್ಕೊಂಡು ಒಂದ ಹೊತ್ತಿನ್ಯಾಗ ಗಾಳಿ ಕೆಡಸ್ಕೊಂತಾರೇನ ಮಂದಿ?"

ಅವರ ಮಾತು ಸರಿಯಿತ್ತು. ಎಂಜಿನಿಯರ್ ಯಾರೇ ಆದರೂ ಹಾಗೇ ಅನ್ನುತ್ತಿದ್ದರು. ಸುವರ್ಣಾ ಕೈಪಿಡಿ ತೆರೆದು ಸೆನ್ಸರ್ ಪರೀಕ್ಷೆಯ ಕ್ರಮವನ್ನು ಒಂದೊಂದಾಗಿ ಮಾಡಿದಳು. ಸೆನ್ಸರುಗಳು ಉತ್ತರ ಕೊಟ್ಟವು. ಮತ್ತೊಮ್ಮೆ ಮಾಡಿದಳು, ಮತ್ತೆ ಉತ್ತರ ಕೊಟ್ಟವು. ಹೀಗೆ ತಾಸು ಕಳೆಯಿತು. ಕೊನೆಗೆ ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಇಡೀ ನಕ್ಷೆಯನ್ನು ದೂರದಿಂದ ನೋಡಿದಳು.

ಒಡಿಶಾದವರ ಸಾಲಿನ ದೀಪಗಳು ಬಿಳಿ, ಅಲ್ಲಲ್ಲಿ ಹಳದಿ. ಅಲ್ಲೂ ಅದೇ ಹಿಮ, ಅದೇ ಸೆನ್ಸರ್, ಅದೇ ಕೊಳವೆ. ಕೆಂಪು ಇದ್ದದ್ದು ಇಳಕಲ್ಲ ಸಾಲಿನಲ್ಲಿ ಮಾತ್ರ.

"ಸರ್, ನಿಮ್ಮ ಮನಿಗೆ ಬೆಳಕಿಂಡಿ ಇತ್ತೇನ್ರಿ, ಊರಾಗ?"

"ನಮ್ದು ಸಿಮೆಂಟ್ ಮನಿ. ನಮ್ಮ ಅಜ್ಜಿ ಮನಿಗೆ ಇತ್ತು. ಯಾಕ?"

"ಮಳಿ ಬಂದ್ರ ಅದನ್ನ ಏನ್ ಮಾಡ್ತಿದ್ರು?"

"ಮುಚ್ಚತಿದ್ರು," ಎಂದರು ಮುಲ್ಲಾ. ಹೊಟ್ಟೆಯ ಮೇಲಿದ್ದ ಚಹಾದ ಕಪ್ಪು ಜಾರಿ ನೆಲಕ್ಕೆ ಬಿತ್ತು.

"ಯಾ ಅಲ್ಲಾ," ಎಂದರು. "ಸೈರನ್ ಒತ್ತಲೇನ?"

"ಸೈರನ್ ಅಂದ್ರ ಮುಚ್ಚು ಅಂತ ಕಲಸೀವ್ರಿ. ಇನ್ನಷ್ಟು ಬಿಗೀತಾರ."

ಹೋಗಲು ದಾರಿಯಿಲ್ಲ, ಹೇಳಲು ಫೋನಿಲ್ಲ. ಒಲೆಗಳು ಅಲ್ಲಿ ಉರಿಯುತ್ತಿದ್ದವು. ಹೊರಗೆ ಹೋಗಲಾರದ ಹೊಗೆಯಿಂದ ಹುಟ್ಟುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಅದು ಜನರನ್ನು ಕೆಮ್ಮಿಸುವುದಿಲ್ಲ, ಮಲಗಿಸುತ್ತದೆ. ಸುವರ್ಣಾ ಕೂತಲ್ಲೇ ತನ್ನ ಮನೆಯನ್ನು ಕಂಡಳು. ಕತ್ತಲಿಲ್ಲ, ಚಳಿಯಿಲ್ಲ, ದೀಪ ಉರಿಯುತ್ತಿದೆ. ಎಲ್ಲ ನೆಟ್ಟಗಿರುವಾಗ ಮುಚ್ಚಿದ್ದನ್ನು ಯಾರಾದರೂ ಯಾಕೆ ತೆಗೆಯುತ್ತಾರೆ? ನೆಟ್ಟಗಿರಬಾರದು.

"ಕರೆಂಟ್ ತಗೀರಿ ಸರ್."

"ಏನ್?"

"ಇಡೀ ಸಾಲಿಂದು. ಕತ್ತಲಾದ್ರ ನಮ್ಮಂದಿ ಮದಲ ಕೈ ಹಾಕೂದು ಬೆಳಕಿಂಡಿಗೆ. ಹೊರಗ ಇನ್ನೂ ಹಗಲೈತಿ, ಎಷ್ಟರ ಬೆಳಕು ಬರತೈತಿ. ಒಲಿನೂ ಆರತಾವ, ವಿಷಾ ಹುಟ್ಟೂದು ನಿಲ್ಲತೈತಿ."

"ಒಲಿ ಆರಿದ್ರ ಒಳಗ ಹೆಂಗಿರತೈತಿ ಗೊತ್ತೈತೇನ? ಈ ಥಂಡ್ಯಾಗ? ಮುದುಕರದಾರ, ಕೂಸಗೋಳ ಅದಾವ. ಮತ್ತ ಇವೂ ಆರತಾವ," ಅವರು ಗೋಡೆಯ ದೀಪಗಳನ್ನು ತೋರಿಸಿದರು. "ಆಮ್ಯಾಲ ನಮಗ ಯಾರಿದ್ರು ಯಾರಿಲ್ಲ ಏನೂ ಕಾಣೂದಿಲ್ಲ."

"ಗೊತ್ತೈತ್ರಿ."

"ನಿಂದೂ ಮನಿ ಐತಿ ತಂಗಿ ಅದರಾಗ."

ಅವಳು ತನ್ನ ಮನೆಯ ದೀಪವನ್ನು ನೋಡಿದಳು. ಅದು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೆಂಪಾಗಿತ್ತು. ಪಕ್ಕದಲ್ಲಿ ಓಡುತ್ತಿದ್ದ ಅನಿಲದ ಅಂಕಿ, ದೊಡ್ಡವರು ತಡೆದಾರು, ಚಿಕ್ಕ ಮಕ್ಕಳು ತಡೆಯಲಾರರು ಎಂದು ಗೋಡೆಯ ಮೇಲೆ ಬರೆದು ಹಾಕಿದ್ದ ಗೆರೆಯನ್ನು ಯಾವಾಗಲೋ ದಾಟಿತ್ತು. ಯಾವಾಗ ದಾಟಿತು ಎಂದು ಅವಳಿಗೆ ಗೊತ್ತಿತ್ತು. ಆಗ ಅವಳು ಎರಡನೆಯ ಸಲ ಸೆನ್ಸರ್ ಪರೀಕ್ಷೆ ಮಾಡುತ್ತಿದ್ದಳು.

ಮುಲ್ಲಾ ಅವರು ಗೋಡೆಯ ಮೇಲಿನ ಕರೆಂಟಿನ ಪೆಟ್ಟಿಗೆಯ ಬೀಗ ತೆಗೆದರು. ಹಿಡಿಕೆಯನ್ನು ಮುಟ್ಟಲು ಅವರ ಕೈಲಾಗಲಿಲ್ಲ. ಸುವರ್ಣಾ ಎದ್ದು ಹೋಗಿ ಎಳೆದಳು. ಇಳಕಲ್ಲ ಸಾಲು ನಕ್ಷೆಯಿಂದ ಅಳಿಸಿಹೋಯಿತು.

*

ಮರುದಿನ ಮೋಡ ಬರಿದಾಯಿತು. ಸುರಂಗದ ಬಾಯಿ ಅಗೆದು ಅವರು ಕೆಳಗಿಳಿದರು. ಹಿಮದ ಮೇಲೆ ಸಾಲಾಗಿ ಕೊಳವೆಯ ಬಾಯಿಗಳು ಮಾತ್ರ ಮೇಲೆದ್ದಿದ್ದವು. ಅವುಗಳೊಳಗಿಂದ ಮಾತು, ಅಳು, ಕೆಮ್ಮು, ಒಬ್ಬನ ಬೈಗುಳ ಕೇಳಿಸುತ್ತಿದ್ದವು. ತೆಗೆದಿದ್ದರು. ಮನೆಮನೆಯಲ್ಲೂ ತೆಗೆದಿದ್ದರು. ಮುಲ್ಲಾ ಅವರು ಪ್ರತಿ ಬಾಯಿಗೂ ಬಾಗಿ, "ಎಲ್ಲಾರೂ ಅದೀರೇನ್ರೋ?" ಎಂದು ಕೂಗುತ್ತ ನಡೆದರು. ಒಂದು ಮನೆಯಲ್ಲಿ ಹೆಂಗಸೊಬ್ಬಳು ತನ್ನ ಮಾವ ಬೆಳಗಿನ ಜಾವ ಚಳಿಗೆ ಸೆಟೆದು ಹೋದ ಎಂದು ಅಳದೆ ಹೇಳಿದಳು. ಆ ಮುದುಕನನ್ನು ಕೊಂದದ್ದು ತನ್ನ ಕೈ ಎಂದು ಸುವರ್ಣಾಳಿಗೆ ತಿಳಿಯಿತು. ನಿಲ್ಲಲಿಲ್ಲ. ಅವಳ ಮನೆ ಇನ್ನೂ ಮುಂದಿತ್ತು.

ಬಾಗಿಲ ಹಿಮ ಅಗೆದು ಒಳಗೆ ಹೋದಾಗ ನೆಲದ ಮೇಲೆ ಒಂದು ದುಂಡು ಬೆಳಕಿತ್ತು. ಗುರವ್ವ ಅದರ ಅಂಚಿನಲ್ಲಿ ಕೂತಿದ್ದಳು, ಮನೆಯ ಕೌದಿಗಳನ್ನೆಲ್ಲ ಸುತ್ತಿದ ದಾನುವನ್ನು ತೊಡೆಯ ಮೇಲಿಟ್ಟುಕೊಂಡು. ಮಹಾಂತೇಶ ಗೋಡೆಗೆ ಒರಗಿದ್ದ. ಅವನ ಅಂಗಿಯ ಮೇಲೆ ವಾಂತಿ ಒಣಗಿತ್ತು.

"ಮಲಗ್ಯಾಳ ನೋಡ," ಎಂದಳು ಗುರವ್ವ. "ಎಬಸಿದ್ರ ಏಳವಲ್ಲಳು. ಥಂಡಿಗೆ ಗಲ್ಲಾ ಹೆಂಗ ಕೆಂಪಾಗ್ಯಾವ."

ದಾನುವಿನ ಕೆನ್ನೆ, ತುಟಿ, ಉಗುರಿನ ಬುಡ ಎಲ್ಲ ನಸುಗೆಂಪಾಗಿದ್ದವು, ಬಿಸಿಲಲ್ಲಿ ಓಡಿ ಬಂದವಳ ಹಾಗೆ. ಮುಟ್ಟಿದರೆ ಕಲ್ಲು. ಸುವರ್ಣಾಳಿಗೆ ಆ ಬಣ್ಣ ಏನೆಂದು ಗೊತ್ತಿತ್ತು. ನಿಯಂತ್ರಣ ಕೋಣೆಗೆ ಸೇರುವವರಿಗೆಲ್ಲ ಅದನ್ನು ಕಲಿಸುತ್ತಾರೆ. ಚಳಿಗೆ ಸತ್ತವರು ಬಿಳಚುತ್ತಾರೆ, ನೀಲಿಗಟ್ಟುತ್ತಾರೆ. ರಕ್ತಕ್ಕೆ ಸೇರಿ ಹೀಗೆ ಕೆಂಪೇರಿಸುವುದು ಆ ಅನಿಲ ಮಾತ್ರ. ಕರೆಂಟು ಹೋಗುವ ಮುಂಚೆಯೇ, ಬೆಚ್ಚಗಿನ ಮನೆಯಲ್ಲಿ, ಅಜ್ಜಿಯ ಬೆರಳುಗಳು ಕೂದಲಲ್ಲಿ ಆಡುತ್ತಿರುವಾಗಲೇ ಅವಳು ಹೋಗಿದ್ದಳು.

"ಲೈಟ್ ಹೋದ ಕೂಡ್ಲೆ ನಾ ತಗದೆ," ಎಂದ ಮಹಾಂತೇಶ. "ತಲಿ ತಿರಗತಿತ್ತು, ಸ್ಟೂಲಿಂದ ಬಿದ್ದೆ, ಮತ್ತ ಹತ್ತಿ ತಗದೆ. ಅದಕ್ಕಿಂತ ಮದಲ... ಸುವರ್ಣಾ, ಮುಚ್ಚಿದಾಂವ ನಾನು. ಈ ಕೈಲೆ ತುರಕೀನಿ. ಅದಕ್ಕೇನ ಇದು? ಹೇಳು. ನಿನಗ ಗೊತ್ತಿರತೈತಿ. ಉಸರ ಕಟ್ಟೋ, ಥಂಡಿಗೋ?"

ಗುರವ್ವನೂ ತಲೆ ಎತ್ತಿದಳು. ಮುಚ್ಚು ಅಂದವಳು ಅವಳು.

"ಥಂಡಿಗೆ," ಎಂದಳು ಸುವರ್ಣಾ. "ಕರೆಂಟ್ ತಗದಾಕಿ ನಾನು."

ಗಂಡ ತನ್ನ ಕೈಗಳ ಮೇಲಿಂದ ಕಣ್ಣು ತೆಗೆದದ್ದನ್ನು ಅವಳು ನೋಡಿದಳು. ಅತ್ತೆಯ ಮುಖದಲ್ಲಿ, ಒಂದು ಕ್ಷಣ, ಹೊರೆ ಇಳಿಸಿದವರ ಮುಖದಲ್ಲಿ ಮೂಡುವಂಥದು ಏನೋ ಮೂಡಿ ಹೋದದ್ದನ್ನೂ ನೋಡಿದಳು. ಆಮೇಲೆ ಗುರವ್ವ ಬಾಯಿ ತೆರೆದಳು.

"ನಿನ್ನ ಕೈ ಸೇದಿ ಹೋಗಲಿ! ಹಡದ ಮಗಳ ಒಲಿ ಆರಸಿದೆಲ್ಲ, ನಿನ್ನ ಹೊಟ್ಟಿ ಬೂದಿಯಾಗಲಿ! ಎದ್ದ ಹೊರಗ ನಡಿ!"

ಸುವರ್ಣಾ ಎದ್ದಳು.

*

ನೆಲ ಕಬ್ಬಿಣದ ಹಾಗೆ ಹೆಪ್ಪುಗಟ್ಟಿತ್ತು. ಮಹಾಂತೇಶ ಹಾರೆ ಹಾಕಿದರೆ ಕಿಡಿ ಬರುತ್ತಿತ್ತು. ದುರಸ್ತಿ ತಂಡದವರು ಕೈ ಹಚ್ಚಲು ಬಂದರೆ ಬೇಡ ಎಂದ. ಇಡೀ ದಿನ ಒಬ್ಬನೇ ಅಗೆದ. ಒಬ್ಬರನ್ನು ದ್ವೇಷಿಸುವ ಬಲವಿದ್ದರೆ ಮನುಷ್ಯ ಎಷ್ಟು ಹೊತ್ತು ಅಗೆಯಬಲ್ಲ ಎಂದು ಸುವರ್ಣಾ ದೂರದಿಂದ ನೋಡುತ್ತ ನಿಂತಳು.

ತಮ್ಮ ಪದ್ಧತಿಯಂತೆ ಮಗುವನ್ನು ಕುಣಿಯೊಳಗೆ ಕೂರಿಸಿದರು, ಹಣೆಗೆ ವಿಭೂತಿ ಹಚ್ಚಿದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಕೊಟ್ಟರು. ಸುವರ್ಣಾ ಮುಂದೆ ಬಂದು ಬಗ್ಗಿ ಮುಷ್ಟಿ ತುಂಬಿದಾಗ ಮಹಾಂತೇಶ ಅವಳ ಮಣಿಕಟ್ಟು ಹಿಡಿದ.

"ನಿನ್ನ ಕೈಲೆ ಬ್ಯಾಡ."

ಅವಳು ಬೆರಳು ಬಿಚ್ಚಿದಳು. ಮಣ್ಣು ಹೆಂಟೆಯಾಗಿಯೇ ಅವಳ ಕಾಲ ಬಳಿ ಬಿತ್ತು.

*

"ಬಯಲಿನವರು ಅಭಿನಂದನೆ ಕಳಸ್ಯಾರ," ಎಂದರು ಮುಲ್ಲಾ. ಚಹಾ ಕುಡಿಯುವುದನ್ನು ಅವರು ಬಿಟ್ಟಿದ್ದರು. "ಮುಂದಿನ ಕರೆ ಈ ತಿಂಗಳೊಳಗ ಬೇಕಂತ."

ಅವರ ಮೇಜಿನ ಮೇಲೆ ಕಾಲನಿಯಲ್ಲಿ ಓದಿಸಬೇಕಾದ ಪ್ರಕಟಣೆ ಇತ್ತು. ಚಾವಣಿಯ ಬಾಯಿ ಮುಚ್ಚಿದ್ದರಿಂದ ಒಂದು ಮಗು ಸತ್ತಿದೆ, ಇನ್ನು ಯಾರೂ ಮುಚ್ಚಕೂಡದು ಎಂದು. ಸುವರ್ಣಾ ಅದನ್ನು ಓದಿ ಮಡಚಿದಳು.

"ಇದನ್ನ ಓದಸಬ್ಯಾಡ್ರಿ."

"ಹುಚ್ಚಿ ಆಗಬ್ಯಾಡ. ಈಗ ಊರ ಮಂದಿ ಏನ್ ತಿಳಕೊಂಡಾರ ಗೊತ್ತೈತೇನ? ತೆಗದಿದ್ದಕ್ಕ ಥಂಡಿ ಬಂದು ಸತ್ರು ಅಂತ. ಮುಂದಿನ ಸಲ ಇನ್ನೂ ಗಟ್ಟಿ ಮುಚ್ಚತಾರ. ನಿನ್ನ ಸುಳ್ಳು ಮತ್ತೊಂದು ಕೂಸಿನ್ನ ತಗೋತೈತಿ."

ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳ ಕಣ್ಣ ಮುಂದೆ ಬರುತ್ತಿದ್ದದ್ದು ಸಂದಿಗೆ ಕೌದಿ ತುರುಕಿದ ಗಂಡನ ಬೆರಳುಗಳು. ಆ ಬೆರಳುಗಳನ್ನು ಹೊತ್ತುಕೊಂಡು ಅವನು ನಾಳೆ ಏಳಬೇಕು, ಉಣ್ಣಬೇಕು.

"ಎಲ್ಲಾ ಬಾಯಿಗೂ ಜಾಳಿಗಿ ಕೂಡಸ್ರಿ. ಒಳಗಿಂದ, ಹೊರಗಿಂದ, ಮುಳ್ಳಿಂದು. ಪರಾತ ಹಿಡಸಾಕ ಬರಬಾರದು, ಅರಿಬಿ ತುರಕಾಕ ಬರಬಾರದು."

"ಯಾಕ ಅಂತ ಕೇಳಿದ್ರ?"

"ಹಕ್ಕಿ ಗೂಡು ಕಟ್ಟಬಾರದು ಅಂತ ಹೇಳ್ರಿ."

ಮುಲ್ಲಾ ಅವಳನ್ನೇ ನೋಡಿದರು. "ಇಷ್ಟು ಎತ್ತರಕ್ಕ ಹಕ್ಕಿ ಎಲ್ಲಿ ಅದಾವ ತಂಗಿ?"

ಅವಳು ಮಡಚಿದ ಹಾಳೆಯನ್ನು ಅವರ ಕಡೆಗೆ ಸರಿಸಿದಳು. ಅವರು ಪ್ರಕಟಣೆಯನ್ನು ಎಳೆದುಕೊಂಡು ಡ್ರಾಯರಿಗೆ ಹಾಕಿದರು. "ಒಂದ ಕರೆ ಮಟ್ಟಿಗೆ," ಎಂದರು. "ಒಂದ. ಒಂದ ದೀಪಾ ಕೆಂಪಾದ್ರೂ ನಾನ ಹೋಗಿ ಮನಿಮನಿಗೆ ಓದ್ತೀನಿ."

*

ಜಾಳಿಗೆ ಕೂರಿಸುವ ಕೆಲಸ ದುರಸ್ತಿ ತಂಡಕ್ಕೆ ಬಂತು. ತಂಡ ಸಾಲಿನ ಆ ತುದಿಯಿಂದ ಶುರುಮಾಡಿ, ಕೆಲವು ದಿನಗಳ ಮೇಲೆ ಸುವರ್ಣಾಳ ಮನೆಗೆ ಬಂದಿತು. ಅವಳು ಈಗ ಕೇಂದ್ರದ ವಸತಿಯಲ್ಲಿ ಇರುತ್ತಿದ್ದಳು. ಗುರವ್ವ ಪಕ್ಕದವರ ಮನೆಗೆ ಹೋಗಿದ್ದ ಹೊತ್ತು ನೋಡಿ, ಆ ದಿನ ಸುವರ್ಣಾ ಬಟ್ಟೆ ಒಯ್ಯಲು ಬಂದಿದ್ದಳು. ತಲೆಯ ಮೇಲೆ ಬೂಟಿನ ಸದ್ದಾಯಿತು. ನೆಲದ ಬೆಳಕು ಮಾಸಿತು.

ಕತ್ತೆತ್ತಿದಳು. ಬೆಳಕಿಂಡಿಯ ತುಂಬ ಮಹಾಂತೇಶನ ಮುಖ. ಕೆಳಗೆ ಯಾರೂ ಇಲ್ಲವೆಂದುಕೊಂಡಿದ್ದವನು ಅವಳನ್ನು ಕಂಡು ತಡೆದ. ಹಿಂದೆ ಸರಿಯಲೂ ಇಲ್ಲ. ಮಣ್ಣು ಕೊಟ್ಟ ದಿನದ ಮೇಲೆ ಅವನು ಅವಳ ಜೊತೆ ಒಂದು ಮಾತೂ ಆಡಿರಲಿಲ್ಲ.

"ಸುವರ್ಣಾ."

"ಹೇಳ್ರಿ."

"ಇದನ್ನ ಹಕ್ಕಿ ಸಲವಾಗಿ ಕೂಡಸಾಕತ್ತಾರಂತ."

"ಹೌದ್ರಿ."

ಅವನು ಮುಖ ಮೇಲೆತ್ತಿದ. ಅವಳಿಗೆ ಅವನ ಗಂಟಲು ಮಾತ್ರ ಕಾಣಿಸುತ್ತಿತ್ತು, ಅದರಾಚೆ ಬೂದು ಆಕಾಶ. ಅವನು ಆ ಕಡೆಯಿಂದ ಈ ಕಡೆಗೆ, ಗುಡ್ಡದ ನೆತ್ತಿಯಿಂದ ಕಣಿವೆಯ ಬಾಯಿಯವರೆಗೆ ನಿಧಾನವಾಗಿ ನೋಡಿದ. ಆಮೇಲೆ ಬಗ್ಗಿ ಕೇಳಿದ.

"ಇಲ್ಲಿ ಹಕ್ಕಿ ಅದಾವೇನ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನೀನು ಏನು ಹೇಳುತ್ತೀಯೋ ಅದನ್ನೇ ಹಿಡಿದುಕೊಳ್ಳುತ್ತೇನೆ, ಬೇಗ ಹೇಳು ಎನ್ನುವ ಹಾಗಿತ್ತು.

"ಅದಾವ್ರಿ," ಎಂದಳು ಸುವರ್ಣಾ.

ಅವನು ತಲೆಯಾಡಿಸಿದ. ಜಾಳಿಗೆಯನ್ನು ಎತ್ತಿ ಇಬ್ಬರ ನಡುವೆ ಇಟ್ಟ, ಪಾನಾ ಹಿಡಿದು ತಿರುಪು ಬಿಗಿಯತೊಡಗಿದ. ಒಂದು ಮೂಲೆ, ಇನ್ನೊಂದು ಮೂಲೆ. ಕೊನೆಯ ತಿರುಪು ಪೂರ್ತಿ ಕೂತ ಮೇಲೂ ನಿಲ್ಲಿಸಲಿಲ್ಲ. ಕಬ್ಬಿಣ ಕಿರ್ರೆಂದಿತು, ಚಾವಣಿ ಸಣ್ಣಗೆ ನಡುಗಿತು, ಅವನ ಭುಜಗಳು ನಡುಗಿದವು. ಅವನು ಬಿಗಿಯುತ್ತಲೇ ಇದ್ದ.